ಬಾನಿಗೊಂದು ತಂತಿ, ನೆಲಕ್ಕೊಂದು ತಂತಿ

ಪುಣೆಯಿಂದ ಸಾತಾರಾ, ಕೊಲ್ಹಾಪುರಗಳನ್ನು ಹಾಯ್ದು ಬೆಳಗಾವಿಯ ಕಡೆಗೆ ಸಾಗುವ ಹೆದ್ದಾರಿಯು ನಮ್ಮ ಶಾಲೆಯ ಮಕ್ಕಳಿಗೆ ಚಿರಪರಿಚಿತವಾದುದು. ರಜೆ ಬಂದೊಡನೆ ಊರ ಕಡೆಗೆ ಮುಖಮಾಡುವ ನಮ್ಮವರೆಲ್ಲ ಹಿಡಿಯುವ ದಾರಿ ಅದೇ. ಆ ದಾರಿಯಲ್ಲಿ ಕಾಪೂರಹೋಳವೆಂಬ ಊರಿನ ಬಳಿ ಬಲಗಡೆಗೆ ಒಂದು ರಸ್ತೆ ಕವಲೊಡೆಯುತ್ತದೆ. ಅದು ಭೋರ್ ಪಟ್ಟಣಕ್ಕೆ ಹೋಗುವ ರಸ್ತೆ. 1948ರಲ್ಲಿ ವಿಲೀನವಾಗುವವರೆಗೆ ಭೋರ್ ಪಂತ ಸಚಿವ ಮನೆತನದವರು ಆಳುತ್ತಿದ್ದ ಒಂದು ಸಂಸ್ಥಾನದ ರಾಜಧಾನಿಯಾಗಿತ್ತು. ಪಟ್ಟಣವನ್ನು ದಾಟಿ ಪಶ್ಚಿಮಕ್ಕೆ ನಡೆದರೆ ವರಂಧಾ ಘಾಟಿನ ತಿರುವುಗಳನ್ನಿಳಿದು ಕೊಂಕಣದ ಮಹಾಡ ಪಟ್ಟಣವನ್ನು ಸೇರಬಹುದು. ಭೋರಿಗೂ ಮಹಾಡಕ್ಕೂ ನಡುವೆ ನಿಂತಿರುವುದು ಸಹ್ಯಾದ್ರಿಯ ಗೋಡೆ.

ಭೋರಿನಲ್ಲಿ ಎಷ್ಟು ದೊಡ್ಡ ದೀಪವನ್ನು ಹಚ್ಚಿದರೂ ಅದರ ಬೆಳಕು ಮಹಾಡಕ್ಕೆ ಕಾಣದು; ಬೆಟ್ಟ ಅಡ್ಡವಾಗಿರುತ್ತದೆ. ರೇಡಿಯೋ ಅಲೆಯೂ ಬೆಳಕಿನ ಒಡಹುಟ್ಟೇ; ಎರಡೂ ಒಂದೇ ವೇಗದಿಂದ ಧಾವಿಸತಕ್ಕವು. ಹಾಗಿದ್ದರೂ ಸರ್ಕಾರದ ಪರವಾನಗಿ ಪಡೆದ ಹವ್ಯಾಸಿಯೊಬ್ಬನು ಭೋರಿನ ಮಾವಿನ ಮರವೊಂದಕ್ಕೆ ಹತ್ತು ಮೀಟರು ತಂತಿಯನ್ನು ಕಟ್ಟಿ, ಅದರ ಬುಡದಲ್ಲಿ ನೆಲಕ್ಕೆ ಒಂದಿಷ್ಟು ತಂತಿಯನ್ನು ಹಾಸಿದನೆಂದರೆ, ಬೆಟ್ಟವನ್ನಷ್ಟೇ ಏಕೆ, ಸಮುದ್ರವನ್ನೇ ದಾಟಿ ಮಾತನಾಡಬಲ್ಲನು. ಇದು ಹೇಗೆ ಸಾಧ್ಯವಾಯಿತು? ಬೆಟ್ಟದ ಅಡ್ಡಿಗೆ ಅಂಜದೆ, ಬಾನಿಗೊಂದು ತಂತಿಯನ್ನೂ ನೆಲಕ್ಕೊಂದು ತಂತಿಯನ್ನೂ ಕೊಟ್ಟು ನೋಡಿದವನು ಇಟಲಿ ದೇಶದ ಇಪ್ಪತ್ತೊಂದು ವಯಸ್ಸಿನ ತರುಣ, ಗುಗ್ಲಿಯೆಲ್ಮೊ ಮಾರ್ಕೋನಿ.

ರೇಡಿಯೋವನ್ನು ಕಂಡುಹಿಡಿದವರು ಯಾರು ಎಂದು ಪರೀಕ್ಷೆಯಲ್ಲಿ ಕೇಳಿದರೆ ನಾವು ಮಾರ್ಕೋನಿ ಎಂದು ಒಂದೇ ಶಬ್ದದಲ್ಲಿ ಬರೆದು ಅಂಕವನ್ನು ಗಿಟ್ಟಿಸಿಕೊಳ್ಳುತ್ತೇವೆ. ಆ ಉತ್ತರದಿಂದ ಬೇರೆಯವರಿಗೆ ಅನ್ಯಾಯವಾಗುತ್ತದೆಂಬ ಮಾತು ಹಾಗಿರಲಿ, ಮಾರ್ಕೋನಿಗೂ ನ್ಯಾಯ ದೊರೆಯುವುದಿಲ್ಲ. ಆತನು ನಿಜವಾಗಿ ಮಾಡಿದುದೇನೆಂಬುದು ಅದರಲ್ಲಿ ಮರೆಯಾಗಿಬಿಡುತ್ತದೆ.

ಮಾರ್ಕೋನಿಯು 1874ನೆಯ ಇಸವಿ ಏಪ್ರಿಲ್ 25ರಂದು ಬೊಲೊನ್ಯಾ ನಗರದಲ್ಲಿ ಜನಿಸಿದನು. ತಂದೆ ಜುಸೆಪ್ಪೆ ಮಾರ್ಕೋನಿ ಅನುಕೂಲಸ್ಥನಾದ ಜಮೀನುದಾರ. ತಾಯಿ ಆ್ಯನಿ ಜೇಮ್ಸನ್ ಐರ್ಲೆಂಡಿನ ಸಿರಿವಂತ ಮನೆತನದವಳು. ನಗರದ ಹೊರಗೆ ಪೊಂತೆಕ್ಯೊ ಎಂಬಲ್ಲಿ ಅವರಿಗೆ ವಿಲ್ಲಾ ಗ್ರಿಫೋನೆ ಎಂಬ ತೋಟದ ಮನೆಯಿತ್ತು. ಬಾಲಕನ ಶಾಲಾಶಿಕ್ಷಣವು ಕ್ರಮವಾಗಿ ಸಾಗಲಿಲ್ಲ. ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗುವ ಯೋಗ ಆತನಿಗೆ ಒದಗಲೇ ಇಲ್ಲ. ಆದರೆ ನೆರೆಯಲ್ಲಿದ್ದ ಆಗುಸ್ತೊ ರೀಗಿ ಎಂಬ ಭೌತವಿಜ್ಞಾನದ ಪ್ರಾಧ್ಯಾಪಕನು ಈ ಹುಡುಗನ ಆಸಕ್ತಿಯನ್ನು ಕಂಡು ತನ್ನ ಪ್ರಯೋಗಶಾಲೆಯ ಬಾಗಿಲನ್ನು ತೆರೆದಿಟ್ಟನು. ತಾಯಿಯು ಮಗನ ಬೆನ್ನಿಗೆ ನಿಂತಳು. ತಂದೆಗೆ ಮಾತ್ರ ಈ ತಂತಿ, ಬ್ಯಾಟರಿಗಳ ಗೀಳು ಬಹುಕಾಲ ಹಿಡಿಸಲಿಲ್ಲವೆಂದು ತೋರುತ್ತದೆ.

ಜರ್ಮನಿಯ ಹೈನ್ರಿಕ್ ಹರ್ಟ್ಸನು 1888ರ ಹೊತ್ತಿಗೆ ವಿದ್ಯುತ್ತಿನ ಕಿಡಿಯಿಂದ ಕಣ್ಣಿಗೆ ಕಾಣದ ಅಲೆಗಳು ಹೊರಡುತ್ತವೆಂಬುದನ್ನು ಪ್ರಯೋಗದಿಂದ ಸಿದ್ಧಪಡಿಸಿದ್ದನು. ಆತನು 1894ರ ಜನವರಿ 1ರಂದು ಮೂವತ್ತಾರರ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಆ ವರ್ಷದ ಬೇಸಗೆಯಲ್ಲಿ ಮಾರ್ಕೋನಿಯು ಹರ್ಟ್ಸನ ಕಾರ್ಯವನ್ನು ಕುರಿತು ರೀಗಿಯು ಬರೆದ ಲೇಖನವನ್ನು ಓದಿದನು. ಈ ಅಲೆಗಳಿಂದ ತಂತಿಯಿಲ್ಲದೆ ವರ್ತಮಾನವನ್ನು ಕಳುಹಿಸಬಹುದಲ್ಲವೇ ಎಂಬ ಆಲೋಚನೆ ಆತನ ತಲೆಯನ್ನು ಹೊಕ್ಕಿತು, ಮತ್ತೆ ಬಿಡಲಿಲ್ಲ. ಮನೆಯ ಮೇಲಂತಸ್ತೇ ಪ್ರಯೋಗಶಾಲೆಯಾಯಿತು. ಒಂದು ಕಡೆ ಕಿಡಿ ಹಾರಿಸುವ ಯಂತ್ರ. ಇನ್ನೊಂದು ಕಡೆ ಕೊಹೀರರ್ ಎಂಬ ಗಾಜಿನ ನಳಿಗೆ. ಅದರೊಳಗಿನ ಲೋಹದ ಪುಡಿಯು ಅಲೆ ತಾಕಿದೊಡನೆ ಒಂದಕ್ಕೊಂದು ಅಂಟಿಕೊಂಡು ವಿದ್ಯುತ್ತಿಗೆ ದಾರಿ ಬಿಡುತ್ತಿತ್ತು, ಗಂಟೆ ಬಾರಿಸುತ್ತಿತ್ತು. ಈ ನಳಿಗೆಯು ಫ್ರಾನ್ಸಿನ ಬ್ರಾನ್ಲಿ, ಇಂಗ್ಲೆಂಡಿನ ಲಾಜ್ ಮೊದಲಾದವರ ಪರಿಶ್ರಮದ ಫಲ. ಮಾರ್ಕೋನಿಯು ಅದನ್ನು ತಿದ್ದಿ ಸೂಕ್ಷ್ಮಗೊಳಿಸಿದನು, ಅಷ್ಟೆ. ಇಷ್ಟರಲ್ಲಿ ಹೊಸದೇನೂ ಇರಲಿಲ್ಲ. ಅಲೆಯು ಕೆಲವು ನೂರು ಗಜ ಹೋಗಿ ನಿಲ್ಲುತ್ತಿತ್ತು.

1895ರಲ್ಲಿ ನಡೆದುದೇ ಮುಖ್ಯವಾದ ಸಂಗತಿ. ಹರ್ಟ್ಸನ ಉಪಕರಣದಲ್ಲಿ ಕಿಡಿಯ ಎರಡು ಪಕ್ಕಗಳಿಗೂ ಒಂದೊಂದು ಲೋಹದ ತುಂಡು ಇರುತ್ತಿತ್ತು. ಮಾರ್ಕೋನಿಯು ಅವುಗಳಲ್ಲೊಂದನ್ನು ತಂತಿಯ ಮೂಲಕ ಎತ್ತರದ ಗಳುವಿನ ತುದಿಗೆ ಏರಿಸಿದನು. ಇನ್ನೊಂದನ್ನು ನೆಲದಲ್ಲಿ ಹೂಳಿಸಿದನು. ಸ್ವೀಕರಿಸುವ ಕಡೆಯಲ್ಲಿಯೂ ಹಾಗೆಯೇ ಮಾಡಿದನು. ಕೂಡಲೆ ದೂರವು ಹೆಚ್ಚಿತು. ಗಳು ಎತ್ತರವಾದಷ್ಟೂ ದೂರವು ಬೆಳೆಯಿತು.

ಇದರ ಮರ್ಮವನ್ನು ಸ್ವಲ್ಪ ವಿಚಾರಿಸೋಣ. ಕೆರೆಯ ದಡದಲ್ಲಿ ನಿಂತ ತೆಂಗಿನ ಮರವನ್ನು ನೀವು ನೋಡಿರಬಹುದು. ನೀರಿನಲ್ಲಿ ಅದರ ತಲೆಕೆಳಗಾದ ಪ್ರತಿಬಿಂಬವು ಕಾಣುತ್ತದೆ. ಮರವು ಎರಡು ಪಟ್ಟು ಉದ್ದವಾದಂತೆ ತೋರುತ್ತದೆ. ನೆಟ್ಟಗೆ ನಿಂತ ತಂತಿಗೆ ನೆಲವು ಇಂತಹದೇ ಕನ್ನಡಿಯಾಗುತ್ತದೆ. ತಂತಿಯ ಅರ್ಧವು ಬಾನಿನಲ್ಲಿ, ಇನ್ನರ್ಧವು ನೆಲದೊಳಗೆ ಇರುವಂತೆ ಅಲೆಯು ವರ್ತಿಸುತ್ತದೆ. ತಂತಿಯು ಉದ್ದವಾದಂತೆ ಅದರಿಂದ ಹೊರಡುವ ಅಲೆಯೂ ಉದ್ದವಾಗುತ್ತದೆ. ಉದ್ದನೆಯ ಅಲೆಯು ನೆಲವನ್ನು ಅಪ್ಪಿಕೊಂಡು ಉಬ್ಬುತಗ್ಗುಗಳನ್ನು ಬಳಸಿಕೊಂಡು ಹೋಗಬಲ್ಲುದು. ಮಾರ್ಕೋನಿಗೆ ಆಗ ಈ ಸಿದ್ಧಾಂತವೆಲ್ಲ ತಿಳಿದಿರಲಿಲ್ಲ. ಮಾಡಿ ನೋಡಿದನು, ಕೆಲಸವಾಯಿತು, ಮತ್ತೂ ಮಾಡಿದನು. ಕಾಣುವ ತಂತಿಯಷ್ಟೇ ಕಾಣದ ನೆಲವೂ ಮುಖ್ಯವೆಂಬುದನ್ನು ಆತನ ಕೈ ಕಲಿತುಕೊಂಡಿತು.

ತೋಟದ ಮನೆಯ ಆಚೆಗೆ ಚೆಲೆಸ್ತೀನಿ ಎಂಬ ಒಂದು ಗುಡ್ಡವಿತ್ತು. ಸ್ವೀಕರಿಸುವ ಯಂತ್ರವನ್ನು ಗುಡ್ಡದ ಹಿಂದಕ್ಕೆ, ಕಣ್ಣಿಗೆ ಕಾಣದ ಸ್ಥಳಕ್ಕೆ ಒಯ್ಯಲಾಯಿತು. ಕಣ್ಣಿಗೆ ಕಾಣದ ಕಡೆಯಿಂದ ಸನ್ನೆ ಮಾಡುವುದು ಹೇಗೆ? ವರ್ತಮಾನವು ಬಂದರೆ ಬಂದೂಕನ್ನು ಹಾರಿಸಬೇಕೆಂದು ಗೊತ್ತುಮಾಡಿಕೊಂಡಿದ್ದರಂತೆ. ಮಾರ್ಕೋನಿಯು ಕೀಲಿಯನ್ನು ಒತ್ತಿದನು. ಗುಡ್ಡದಾಚೆಯಿಂದ ಗುಂಡಿನ ಸದ್ದು ಕೇಳಿಬಂದಿತು. ದೂರವು ಸುಮಾರು ಒಂದೂವರೆ ಮೈಲಿ. ಬೆಳಕು ದಾಟಲಾರದ ಗುಡ್ಡವನ್ನು ಅದರ ಒಡಹುಟ್ಟು ದಾಟಿತ್ತು.

1896ರಲ್ಲಿ ಆತನು ತಾಯಿಯೊಡನೆ ಇಂಗ್ಲೆಂಡಿಗೆ ಹೋದನು. ಜಗತ್ತಿನ ದೊಡ್ಡ ನೌಕಾಬಲವೂ ವ್ಯಾಪಾರವೂ ಅಲ್ಲಿದ್ದವು. ಸಮುದ್ರದ ಮೇಲಿನ ಹಡಗಿಗೆ ತಂತಿಯನ್ನು ಎಳೆಯಲು ಯಾರಿಂದಲೂ ಆಗದು. ಆ ವರ್ಷದ ಜೂನ್ 2ರಂದು ಪೇಟೆಂಟಿಗಾಗಿ ಅರ್ಜಿ ಸಲ್ಲಿಸಿದನು. ಅಂಚೆ ಇಲಾಖೆಯ ಮುಖ್ಯ ಎಂಜಿನಿಯರನಾಗಿದ್ದ ವಿಲಿಯಂ ಪ್ರೀಸನು ಆತನಿಗೆ ನೆರವಾದನು. 1897ರ ಮೇ ತಿಂಗಳಿನಲ್ಲಿ ವೇಲ್ಸಿನ ಕರಾವಳಿಗೂ ಫ್ಲಾಟ್ ಹೋಮ್ ದ್ವೀಪಕ್ಕೂ ನಡುವೆ ನೀರಿನ ಮೇಲೆ ಮೊದಲ ವರ್ತಮಾನವು ಹೋಯಿತು. ಅದೇ ವರ್ಷ ಕಂಪನಿಯೊಂದು ಸ್ಥಾಪಿತವಾಯಿತು. 1899ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿ ಫ್ರಾನ್ಸಿಗೆ ಸುದ್ದಿ ತಲುಪಿತು.

ಇನ್ನುಳಿದುದು ಅಟ್ಲಾಂಟಿಕ್ ಮಹಾಸಾಗರ. ಭೂಮಿಯು ದುಂಡಗಿರುವುದರಿಂದ ಇಂಗ್ಲೆಂಡಿಗೂ ಅಮೆರಿಕಕ್ಕೂ ನಡುವೆ ಸಾಗರದ ನೀರೇ ನೂರಾರು ಮೈಲಿ ಎತ್ತರದ ಬೆಟ್ಟದಂತೆ ಉಬ್ಬಿ ನಿಂತಿದೆ. ಅಲೆಯು ನೇರವಾಗಿ ಹೊರಟು ಆಕಾಶದಲ್ಲಿ ಕಳೆದುಹೋಗುತ್ತದೆಂಬುದು ಬಲ್ಲವರನೇಕರ ಅಭಿಪ್ರಾಯವಾಗಿತ್ತು. ಮಾರ್ಕೋನಿಯು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಾರ್ನ್‌ವಾಲಿನ ಪೋಲ್ಢು ಎಂಬ ಕಡಲಂಚಿನ ದಿಣ್ಣೆಯ ಮೇಲೆ 200 ಅಡಿ ಎತ್ತರದ 20 ಕಂಬಗಳನ್ನು ವೃತ್ತಾಕಾರವಾಗಿ ನಿಲ್ಲಿಸಿ, ಅವುಗಳಿಂದ ತಂತಿಗಳನ್ನು ಇಳಿಬಿಡಲಾಯಿತು. ಕಂಬದಿಂದ ಕಂಬಕ್ಕೆ ಹಗ್ಗವನ್ನು ಬಿಗಿದುದೇ ತಪ್ಪಾಯಿತು. 1901ರ ಸೆಪ್ಟೆಂಬರ್ 17ರ ಬಿರುಗಾಳಿಗೆ ಒಂದು ಬೀಳುತ್ತಲೇ ಎಲ್ಲವೂ ಸಾಲಾಗಿ ನೆಲಕ್ಕೊರಗಿದವು. ಅಮೆರಿಕದ ಕೇಪ್ ಕಾಡ್‌ನಲ್ಲಿ ಕಟ್ಟಿಸಿದ್ದ ಜೊತೆಯ ನಿಲಯದ ಕಂಬಗಳಿಗೂ ನವೆಂಬರಿನಲ್ಲಿ ಅದೇ ಗತಿಯಾಯಿತು. ಕಂಪನಿಯ ಹಣವೂ ಮಾರ್ಕೋನಿಯ ಕೀರ್ತಿಯೂ ಆ ಕಂಬಗಳ ಮೇಲೆಯೇ ನಿಂತಿದ್ದವು. ಬೇರೆಯವರಾಗಿದ್ದರೆ ಒಂದು ವರ್ಷ ತಡೆಯುತ್ತಿದ್ದರು. ಆತನು ತಡೆಯಲಿಲ್ಲ. ಪೋಲ್ಢುವಿನಲ್ಲಿ ಎರಡೇ ಕಂಬಗಳನ್ನೆತ್ತಿ ಬೀಸಣಿಗೆಯಂತೆ ತಂತಿಗಳನ್ನು ಹರಡಿಸಿದನು. ತಾನು ಗಾಳಿಪಟಗಳನ್ನೂ ಬಲೂನುಗಳನ್ನೂ ಕಟ್ಟಿಕೊಂಡು, ಕೆಂಪ್, ಪೇಜೆಟ್ ಎಂಬ ಇಬ್ಬರು ಸಹಾಯಕರೊಡನೆ ನ್ಯೂಫೌಂಡ್‌ಲೆಂಡಿಗೆ ಹಡಗು ಹತ್ತಿದನು.

ಸೇಂಟ್ ಜಾನ್ಸ್ ಪಟ್ಟಣದ ಸಿಗ್ನಲ್ ಹಿಲ್ ಮೇಲೆ ಚಳಿಗಾಳಿಯು ಬೀಸುತ್ತಿತ್ತು. ಒಂದು ಬಲೂನು ಹರಿದುಕೊಂಡು ಹೋಯಿತು. ಒಂದು ಗಾಳಿಪಟವೂ ಹೋಯಿತು. ಇನ್ನೊಂದು ಗಾಳಿಪಟವು ಸುಮಾರು 500 ಅಡಿ ತಂತಿಯನ್ನೆಳೆದುಕೊಂಡು ಮೇಲೇರಿ, ಗಾಳಿಗೆ ಏರುತ್ತಲೂ ಇಳಿಯುತ್ತಲೂ ಇತ್ತು. ನೆಲದಲ್ಲಿ ಲೋಹದ ತಗಡುಗಳನ್ನು ಹೂಳಲಾಗಿತ್ತು. 1901ರ ಡಿಸೆಂಬರ್ 12ರ ಮಧ್ಯಾಹ್ನ ಮಾರ್ಕೋನಿಯು ಟೆಲಿಫೋನಿನ ಕಿವಿಗೊಳವೆಯನ್ನು ಹಿಡಿದು ಆಲಿಸಿ, ಕೆಂಪನ ಕೈಗಿತ್ತನು. ಮೋರ್ಸ್ ಲಿಪಿಯ ಎಸ್ ಅಕ್ಷರದ ಮೂರು ಚುಕ್ಕಿಗಳು ಕೇಳಿಸಿದುವೆಂದು ಇಬ್ಬರೂ ಸಾರಿದರು. ಪೋಲ್ಢುವಿಗೂ ಅಲ್ಲಿಗೂ ದೂರ ಎರಡು ಸಾವಿರ ಮೈಲಿಗೂ ಮಿಗಿಲು.

ಲಿಖಿತವಾದ ಸಾಕ್ಷ್ಯವೇನೂ ಇರಲಿಲ್ಲ. ಅವರು ಕೇಳಿದ್ದು ವಾತಾವರಣದ ಕರಕರ ಸದ್ದಾಗಿರಬಹುದೆಂದು ಅಂದೂ ಹೇಳಿದರು, ಇಂದೂ ಹೇಳುವವರಿದ್ದಾರೆ; ಹಗಲಿನಲ್ಲಿ ಅಂತಹ ಅಲೆಯು ಅಷ್ಟು ದೂರ ಹೋಗುವುದು ಕಷ್ಟವೆಂಬುದನ್ನು ಈಗ ನಾವು ಬಲ್ಲೆವು. ಸಂಶಯಕ್ಕೆ ಮಾರ್ಕೋನಿಯು ಜಗಳದಿಂದ ಉತ್ತರ ಕೊಡಲಿಲ್ಲ. 1902ರ ಆರಂಭದಲ್ಲಿ ಫಿಲಡೆಲ್ಫಿಯಾ ಎಂಬ ಹಡಗಿನಲ್ಲಿ ಯಂತ್ರವನ್ನು ಹೂಡಿ, ಕಾಗದದ ಪಟ್ಟಿಯ ಮೇಲೆ ವರ್ತಮಾನವು ಅಚ್ಚಾಗುವಂತೆ ಮಾಡಿ, ಹಡಗಿನ ಕಪ್ತಾನನಿಂದಲೇ ಸಹಿ ಪಡೆದನು. ಆ ಪ್ರಯಾಣದಲ್ಲಿ ಮತ್ತೊಂದು ವಿಚಿತ್ರವು ಕಂಡುಬಂದಿತು. ಹಗಲಿನಲ್ಲಿ ಸುಮಾರು 700 ಮೈಲಿಗೆ ನಿಂತುಹೋಗುತ್ತಿದ್ದ ಸಂಕೇತವು ರಾತ್ರಿಯಲ್ಲಿ ಎರಡು ಸಾವಿರ ಮೈಲಿಯಾಚೆಗೂ ಕೇಳಿಸುತ್ತಿತ್ತು. ಬಾನಿನಲ್ಲಿ ಅಲೆಯನ್ನು ಹಿಂದಿರುಗಿಸುವ ವಿದ್ಯುತ್ಪದರವೊಂದು ಇರಬೇಕೆಂದು ಅದೇ ವರ್ಷ ಕೆನೆಲಿ ಮತ್ತು ಹೆವಿಸೈಡ್ ಎಂಬ ವಿದ್ವಾಂಸರು ಬೇರೆಬೇರೆಯಾಗಿ ಊಹಿಸಿದರು. ಸಾಗರದ ಬೆಟ್ಟವನ್ನು ಅಲೆಯು ಬಳಸಿ ಹೋಗುವುದಲ್ಲ, ಮೇಲಿನ ಪದರಕ್ಕೆ ಬಡಿದು ಆಚೆಗೆ ಇಳಿಯುವುದು.

ನಮ್ಮ ದೇಶದವರ ಮಾತನ್ನೂ ಇಲ್ಲಿ ಹೇಳಬೇಕು. ಆಚಾರ್ಯ ಜಗದೀಶಚಂದ್ರ ಬೋಸರು 1895ರಲ್ಲಿಯೇ ಕಲ್ಕತ್ತೆಯಲ್ಲಿ ಗೋಡೆಗಳನ್ನು ದಾಟಿಸಿ ವಿದ್ಯುತ್ತರಂಗಗಳನ್ನು ಕಳುಹಿಸಿ ತೋರಿಸಿದ್ದರು. ಪಾದರಸವನ್ನು ಬಳಸುವ ಒಂದು ಗ್ರಾಹಕವನ್ನು ಅವರು 1899ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟರು. ಮಾರ್ಕೋನಿಯು 1901ರಲ್ಲಿ ಒಯ್ದಿದ್ದ ಗ್ರಾಹಕವು ಇಟಲಿಯ ನೌಕಾಪಡೆಯ ಮೂಲಕ ಬಂದುದಾದರೂ ಅದರ ರಚನೆಯು ಬೋಸರದನ್ನೇ ಹೋಲುತ್ತಿತ್ತು. ರಷ್ಯದ ಪೊಪೊವ್, ಇಂಗ್ಲೆಂಡಿನ ಲಾಜ್, ಅಮೆರಿಕದಲ್ಲಿದ್ದ ಟೆಸ್ಲಾ ಇವರೂ ಅದೇ ಹಾದಿಯಲ್ಲಿದ್ದರು. ಶ್ರುತಿ ಹೊಂದಿಸುವ ವಿಧಾನಕ್ಕೆ ಸಂಬಂಧಿಸಿದ ಮಾರ್ಕೋನಿಯ ಒಂದು ಪೇಟೆಂಟಿನ ಮುಖ್ಯ ಭಾಗಗಳನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1943ರಲ್ಲಿ ತಳ್ಳಿಹಾಕಿತು. ಬೋಸರು ನಿಸರ್ಗದ ಗುಟ್ಟನ್ನು ಅರಿಯಲೆಂದು ದುಡಿದವರು. ಪೇಟೆಂಟಿನ ಮೇಲೆ ಅವರಿಗೆ ಮನಸ್ಸಿರಲಿಲ್ಲ. ಮಾರ್ಕೋನಿಯು ದೂರವನ್ನು ಗೆಲ್ಲಲು ದುಡಿದವನು. ಅದರಿಂದ ಹಣವನ್ನೂ ಗಳಿಸಿದನು, ಹೆಸರಿನ ದೊಡ್ಡ ಪಾಲನ್ನೂ ಗಳಿಸಿದನು. ಈ ಪಾಲು ಹಂಚಿಕೆ ಸರಿಯಾಗಿತ್ತೆಂದು ಹೇಳಲು ನನ್ನ ಮನಸ್ಸು ಒಪ್ಪದು.

1909ರಲ್ಲಿ ಜರ್ಮನಿಯ ಬ್ರೌನ್ ಎಂಬ ವಿಜ್ಞಾನಿಯೊಡನೆ ಆತನಿಗೆ ನೊಬೆಲ್ ಪಾರಿತೋಷಕವು ದೊರೆಯಿತು. 1912ರ ಏಪ್ರಿಲಿನಲ್ಲಿ ಟೈಟಾನಿಕ್ ಹಡಗು ಮುಳುಗಿದಾಗ ಸುಮಾರು 1,500 ಜನರು ನೀರುಪಾಲಾದರು. ಉಳಿದ 700 ಮಂದಿಯ ಪ್ರಾಣವನ್ನುಳಿಸಿದುದು ಹಡಗಿನ ನಿಸ್ತಂತು ಕೋಣೆ. ಅಲ್ಲಿದ್ದ ಫಿಲಿಪ್ಸ್ ಮತ್ತು ಬ್ರೈಡ್ ಇಬ್ಬರೂ ಮಾರ್ಕೋನಿ ಕಂಪನಿಯ ನೌಕರರು. ಫಿಲಿಪ್ಸನು ಕೊನೆಯವರೆಗೆ ಕೀಲಿಯನ್ನು ಬಿಡದೆ ಸಮುದ್ರಕ್ಕೆ ಬಲಿಯಾದನು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇಟಲಿಯಲ್ಲಿ ಕಾರು ಅಪಘಾತಕ್ಕೀಡಾಗಿ ಮಾರ್ಕೋನಿಯು ಬಲಗಣ್ಣನ್ನು ಕಳೆದುಕೊಂಡನು.

ಇಲ್ಲಿಯವರೆಗಿನದು ಎಲ್ಲ ಪುಸ್ತಕಗಳಲ್ಲಿಯೂ ಸಿಗುವ ಕತೆ. ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರುವುದು ಅನಂತರದ ಕತೆ. 1895ರಲ್ಲಿ ತಂತಿಯು ಉದ್ದವಾದಷ್ಟೂ ದೂರವು ಹೆಚ್ಚಿತಷ್ಟೆ? ಮಾರ್ಕೋನಿಯು ಆ ಪಾಠವನ್ನೇ ಇಪ್ಪತ್ತೈದು ವರ್ಷ ಹಿಡಿದುಕೊಂಡು ನಡೆದನು. ತಂತಿಗಳು ಫರ್ಲಾಂಗುಗಟ್ಟಲೆ ಉದ್ದವಾದವು. ಅಲೆಯ ಉದ್ದವು ಸಾವಿರಾರು ಮೀಟರುಗಳಾಯಿತು. ವೇಲ್ಸಿನ ಕಾರ್ನಾರ್ವನ್ ನಿಲಯದ ಕಂಬಗಳು 400 ಅಡಿ ಎತ್ತರವಿದ್ದವು. 1918ರಲ್ಲಿ ಅಲ್ಲಿಂದ ಆಸ್ಟ್ರೇಲಿಯಕ್ಕೆ ನೇರವಾಗಿ ಸುದ್ದಿಯೂ ಹೋಯಿತು. ಇಂತಹ ಭಾರಿ ನಿಲಯಗಳನ್ನು ಬ್ರಿಟಿಷ್ ಸಾಮ್ರಾಜ್ಯದಲ್ಲೆಲ್ಲ ಕಟ್ಟಬೇಕೆಂಬ ಯೋಜನೆಯು ವರ್ಷಾನುಗಟ್ಟಲೆ ಚರ್ಚೆಯಲ್ಲಿತ್ತು. ಅದಕ್ಕೆ ತಗಲುವ ವೆಚ್ಚ ಅಪಾರ.

ಅತ್ತ ಅಮೆರಿಕದಲ್ಲಿ ಸರ್ಕಾರವು 1912ರ ಕಾನೂನಿನಿಂದ ಹವ್ಯಾಸಿಗಳನ್ನೆಲ್ಲ 200 ಮೀಟರು ಮತ್ತು ಅದಕ್ಕಿಂತ ಕಿರಿದಾದ ಅಲೆಗಳಿಗೆ ಅಟ್ಟಿಬಿಟ್ಟಿತ್ತು. ಅವು ಯಾವ ಕೆಲಸಕ್ಕೂ ಬಾರದ ಅಲೆಗಳೆಂದು ಎಲ್ಲರ ಎಣಿಕೆ. ಹಿತ್ತಲಿನಲ್ಲಿ ಕಂಬ ನೆಟ್ಟ ವಿದ್ಯಾರ್ಥಿಗಳು, ಗುಮಾಸ್ತರು, ಅಂಗಡಿಕಾರರು ಆ ಬಂಜರುಭೂಮಿಯನ್ನೇ ಉತ್ತರು. 1921ರ ಡಿಸೆಂಬರಿನಲ್ಲಿ ಹವ್ಯಾಸಿಗಳ ಸಂಕೇತಗಳನ್ನು ಆಲಿಸಲೆಂದು ಪಾಲ್ ಗಾಡ್ಲಿ ಎಂಬವನು ಸ್ಕಾಟ್ಲೆಂಡಿನ ಆರ್ಡ್ರಾಸನ್ ಕರಾವಳಿಗೆ ಬಂದು, ಸಾವಿರ ಅಡಿಗೂ ಮಿಗಿಲಾದ ತಂತಿಯನ್ನು ತಗ್ಗಾಗಿ ಎಳೆದು, ಮಳೆಯಲ್ಲಿ ಡೇರೆಯೊಳಗೆ ಕುಳಿತನು. ಅಮೆರಿಕದ ಗ್ರೀನಿಚ್ ಎಂಬ ಊರಿನಿಂದ ಹವ್ಯಾಸಿಗಳು ಸುಮಾರು 230 ಮೀಟರಿನ ಅಲೆಯಲ್ಲಿ ಕಳುಹಿಸಿದ ವರ್ತಮಾನವು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಅವರ ಕಂಬದ ಬುಡದಲ್ಲಿ ಚಕ್ರದ ಅರೆಗಳಂತೆ ಸುತ್ತಲೂ ತಂತಿಗಳನ್ನು ಹರಡಲಾಗಿತ್ತು. 1923ರ ನವೆಂಬರಿನಲ್ಲಿ ಫ್ರಾನ್ಸಿನ ದೆಲೊಯ್ ಮತ್ತು ಅಮೆರಿಕದ ಶ್ನೆಲ್ ಎಂಬ ಇಬ್ಬರು ಹವ್ಯಾಸಿಗಳು ಸುಮಾರು 100 ಮೀಟರಿನ ಅಲೆಯಲ್ಲಿ ಸಾಗರದ ಈಚೆ ಆಚೆಗಳಿಂದ ಸಂಭಾಷಿಸಿದರು.

ಮಾರ್ಕೋನಿಗೆ ಆಗ ಐವತ್ತು ವರ್ಷ ಸಮೀಪಿಸಿತ್ತು. ಭಾರಿ ನಿಲಯಗಳನ್ನು ಕಟ್ಟುವುದೇ ಆತನ ಕಂಪನಿಯ ಜೀವನೋಪಾಯ. ಆದರೂ 1922ರಲ್ಲಿ ನ್ಯೂಯಾರ್ಕಿನ ಎಂಜಿನಿಯರುಗಳ ಸಭೆಯಲ್ಲಿ ನಿಂತು, ದೀರ್ಘತರಂಗಗಳ ಹಿಂದೆಯೇ ಬಿದ್ದು ಹ್ರಸ್ವತರಂಗಗಳನ್ನು ಕಡೆಗಣಿಸಿದುದು ಸರಿಯಾಗಲಿಲ್ಲವೆಂಬ ಅರ್ಥದ ಮಾತನ್ನಾಡಿದನು. ಎಲೆತ್ರಾ ಎಂಬ ತನ್ನ ವಿಹಾರನೌಕೆಯನ್ನು ತೇಲುವ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡು 1923ರಲ್ಲಿ ಆಫ್ರಿಕದ ಪಶ್ಚಿಮದ ಕೇಪ್ ವರ್ಡೆ ದ್ವೀಪಗಳಿಗೆ ಹೋದನು. ಪೋಲ್ಢುವಿನಿಂದ 97 ಮೀಟರಿನ ಅಲೆಯಲ್ಲಿ ಬಂದ ಸಂಕೇತವು ಎರಡು ಸಾವಿರ ಮೈಲಿಗಳಾಚೆಯ ರಾತ್ರಿಯಲ್ಲಿ ಆಶ್ಚರ್ಯವಾಗುವಷ್ಟು ಗಟ್ಟಿಯಾಗಿ ಕೇಳಿಸಿತು. ಮರುವರ್ಷ 32 ಮೀಟರಿಗೆ ಇಳಿದಾಗ ಹಗಲಿನಲ್ಲಿಯೂ ಕೇಳಿಸಿತು. ಅಲೆಯು ಚಿಕ್ಕದಾದಷ್ಟೂ ಹಗಲಿನ ದೂರವು ಹೆಚ್ಚುತ್ತಿತ್ತು! ಹಳೆಯ ಪಾಠವು ತಲೆಕೆಳಗಾಗಿತ್ತು. ಮಾರ್ಕೋನಿಯು ತನ್ನದೇ ಹಳೆಯ ಗೋಪುರಗಳ ಕಾಲವು ಮುಗಿಯಿತೆಂದು ಒಪ್ಪಿಕೊಂಡು, 1924ರ ಜುಲೈಯಲ್ಲಿ ಬ್ರಿಟಿಷ್ ಸರ್ಕಾರದೊಡನೆ ಹ್ರಸ್ವತರಂಗ ನಿಲಯಗಳಿಗಾಗಿ ಕರಾರು ಮಾಡಿಕೊಂಡನು. ಅಲೆಯನ್ನು ಎಲ್ಲ ದಿಕ್ಕಿಗೂ ಚೆಲ್ಲದೆ ಟಾರ್ಚಿನ ಬೆಳಕಿನಂತೆ ಒಂದೇ ದಿಕ್ಕಿಗೆ ಹಾಯಿಸುವ ಈ ಪದ್ಧತಿಗೆ ಬೀಮ್ ಪದ್ಧತಿಯೆಂದು ಹೆಸರು.

ಇಂಗ್ಲೆಂಡಿನ ಕಡೆಗೆ ಮುಖಮಾಡಿದ ಭಾರತದ ಬೀಮ್ ನಿಲಯಗಳು ನಿಂತುದು ಎಲ್ಲಿ? ನಮ್ಮ ಪುಣೆ ಜಿಲ್ಲೆಯಲ್ಲಿಯೇ! ಕಳುಹಿಸುವ ನಿಲಯವು ಖಡಕಿಯಲ್ಲಿ. ಸ್ವೀಕರಿಸುವ ನಿಲಯವು ಪೂರ್ವಕ್ಕೆ ರೈಲುದಾರಿಯಲ್ಲಿರುವ ದೌಂಡಿನಲ್ಲಿ. ಬಳಿಯಲ್ಲಿಯೇ ಕೂಗುವವನಿದ್ದರೆ ದೂರದ ಪಿಸುಮಾತು ಕೇಳಿಸದು. ಆದುದರಿಂದ ಎರಡನ್ನೂ ದೂರದಲ್ಲಿಟ್ಟರು. ಇಂಗ್ಲೆಂಡಿನಲ್ಲಿಯೂ ಹಾಗೆಯೇ, ಗ್ರಿಮ್ಸ್‌ಬಿಯಿಂದ ಕಳುಹಿಸಿ ಸ್ಕೆಗ್ನೆಸ್‌ನಲ್ಲಿ ಸ್ವೀಕರಿಸುತ್ತಿದ್ದರು. 1927ರಲ್ಲಿ ಸೇವೆಯು ಆರಂಭವಾಯಿತು. ಭೋರಿನ ಬಳಿ ಯೆಳವಂಡಿ ನದಿಗೆ ಭಾಟಘರ್ ಅಣೆಕಟ್ಟಿನ ಕಲ್ಲುಗಳು ಏರುತ್ತಿದ್ದ ವರ್ಷಗಳವು. ಭೋರಿನಿಂದ ಸುಮಾರು ಐವತ್ತು ಕಿಲೋಮೀಟರು ಉತ್ತರಕ್ಕೆ, ಬಾನಿನಲ್ಲಿ ಸಾವಿರಾರು ಮೈಲಿಗಳ ದಾರಿಯೊಂದು ತೆರೆದುಕೊಂಡಿತ್ತು.

ಈ ನಿಲಯಗಳ ರಚನೆಯು ನೋಡತಕ್ಕದ್ದಾಗಿತ್ತು. ಇಂಗ್ಲೆಂಡಿನ ನಿಲಯಗಳಲ್ಲಿ ಸುಮಾರು 280 ಅಡಿ ಎತ್ತರದ ಉಕ್ಕಿನ ಗೋಪುರಗಳು ಸಾಲಾಗಿ ನಿಂತಿದ್ದವು. ಪ್ರತಿಯೊಂದರ ನೆತ್ತಿಯ ಮೇಲೂ 90 ಅಡಿಯ ಅಡ್ಡತೋಳು. ತೋಳುಗಳ ಒಂದು ಪಕ್ಕದಿಂದ ತಂತಿಗಳ ಪರದೆಯು ಇಳಿಬಿದ್ದಿರುತ್ತಿತ್ತು. ಹಿಂದಿನ ಪಕ್ಕದಲ್ಲಿ ಕನ್ನಡಿಯ ಕೆಲಸ ಮಾಡುವ ಇನ್ನೊಂದು ಪರದೆ. ಇದು ಮಾರ್ಕೋನಿಯ ಸಹೋದ್ಯೋಗಿ ಫ್ರಾಂಕ್ಲಿನ್ ಎಂಬವನ ಜಾಣ್ಮೆ. ಪರದೆಯ ತಂತಿಗಳಲ್ಲೆಲ್ಲ ಅಲೆಯು ಒಂದೇ ಕ್ಷಣದಲ್ಲಿ ಹೊರಡಬೇಕು. ಒಂದು ತಂತಿಯು ತಡಮಾಡಿದರೂ ಕವಾಯತಿನಲ್ಲಿ ಹೆಜ್ಜೆ ತಪ್ಪಿದಂತೆ ಕಿರಣವು ಕೆಡುತ್ತದೆ. ಅದಕ್ಕಾಗಿ ಯಂತ್ರದಿಂದ ಪ್ರತಿ ತಂತಿಗೂ ಹೋಗುವ ದಾರಿಯ ಉದ್ದವು ಸಮನಾಗಿರುವಂತೆ ಕವಲುಕವಲಾಗಿ ಒಡೆದನು. ದಾರಿಯೆಂದರೆ ಬರಿಯ ತಂತಿಯಲ್ಲ. ಒಂದು ತಾಮ್ರದ ಕೊಳವೆ, ಅದರ ನಡುವೆ ತಾಕದಂತೆ ಇನ್ನೊಂದು ಕೊಳವೆ. ಶಕ್ತಿಯು ಎರಡರ ನಡುವಿನ ತೆರಪಿನಲ್ಲಿ ಹರಿಯುತ್ತದೆ, ಹೊರಗೆ ಸೋರುವುದಿಲ್ಲ. ಇಂದು ಮನೆಯ ಮಾಳಿಗೆಯಿಂದ ದೂರದರ್ಶನದ ಪೆಟ್ಟಿಗೆಗೆ ಇಳಿದುಬರುವ ದುಂಡನೆಯ ಕೇಬಲ್ಲನ್ನು ಕತ್ತರಿಸಿ ನೋಡಿ. ನಡುವೆ ಒಂದು ತಂತಿ, ಸುತ್ತಲೂ ಬಲೆಯಂತಹ ಹೊದಿಕೆ. ಅದೇ ತತ್ತ್ವ. ಒಳಗೆ ಮಳೆನೀರು ಹೊಕ್ಕರೆ ಮಾತ್ರ ಕೇಬಲ್ಲು ಕೆಟ್ಟಿತು. ಆದುದರಿಂದ ಸಹ್ಯಾದ್ರಿಯ ಮಳೆಯಲ್ಲಿ ಗೋಪುರ ನಿಲ್ಲಿಸುವವರು ತುದಿಗಳನ್ನು ಭದ್ರವಾಗಿ ಮುಚ್ಚಿ, ಕೇಬಲ್ಲು ಮನೆಯೊಳಗೆ ಹೋಗುವ ಮುನ್ನ ಕೆಳಕ್ಕೆ ಒಂದು ಬಾಗನ್ನು ಬಿಟ್ಟು, ನೀರು ಅಲ್ಲಿಯೇ ತೊಟ್ಟಿಕ್ಕುವಂತೆ ಮಾಡುತ್ತಾರೆ.

ನೆಲದ ಮಾತನ್ನು ಮರೆಯಬಾರದು. ಭೋರಿನ ಸುತ್ತ ಕಪ್ಪು ಕಲ್ಲಿನ ಗುಡ್ಡಗಳು. ಕಲ್ಲುನೆಲದಲ್ಲಿ, ಅದರಲ್ಲಿಯೂ ಬೇಸಗೆಯಲ್ಲಿ, ವಿದ್ಯುತ್ತು ಸರಾಗವಾಗಿ ಹರಿಯದು. ಕನ್ನಡಿಗೆ ಮಸಿ ಹಿಡಿದಂತೆ. ಒಂದು ಗೂಟವನ್ನು ನೆಲಕ್ಕೆ ಹೊಡೆದರೆ ಸಿಡಿಲಿನ ರಕ್ಷಣೆಗೆ ನೆರವಾದೀತೇ ಹೊರತು ಅಲೆಗೆ ಕನ್ನಡಿಯಾಗದು. ಏರಿಯಲ್ಲಿನ ಬುಡದಿಂದ ಸುತ್ತಲೂ ಚಕ್ರದ ಅರೆಗಳಂತೆ ತಾಮ್ರದ ತಂತಿಗಳನ್ನು ಹಾಸಬೇಕು. ರೇಡಿಯಲ್ ಎಂಬ ಹೆಸರು ಬಂದುದು ಹೀಗೆ. ಎಷ್ಟು ತಂತಿ ಬೇಕೆಂಬುದನ್ನು ಅಮೆರಿಕದ ಬ್ರೌನ್, ಲೂಯಿಸ್, ಎಪ್‌ಸ್ಟೈನ್ ಎಂಬ ಮೂವರು ಎಂಜಿನಿಯರುಗಳು ಹೊಲದಲ್ಲಿ ಅಳೆದು 1937ರಲ್ಲಿ ಪ್ರಕಟಿಸಿದರು. ದೊಡ್ಡ ಪ್ರಸಾರ ನಿಲಯಗಳು ನೂರಕ್ಕೂ ಹೆಚ್ಚು ತಂತಿಗಳನ್ನು ಹೂಳುತ್ತವೆ. ಹವ್ಯಾಸಿಗೆ 16 ಅಥವಾ 32 ಇದ್ದರೆ ಕೆಲಸವು ನಡೆಯುತ್ತದೆ. ಲೆಕ್ಕವು ನಿಮ್ಮಿಂದಲೂ ಆಗುವಂತಹದು. 300ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ಅಲೆಯ ಉದ್ದವು ಮೀಟರಿನಲ್ಲಿ ಸಿಗುತ್ತದೆ. 7ಕ್ಕೆ ಸುಮಾರು 43 ಮೀಟರು. ಅದರ ಕಾಲುಭಾಗ ಹತ್ತೂಮುಕ್ಕಾಲು ಮೀಟರು. ಮೊದಲು ಹೇಳಿದ ಮಾವಿನ ಮರದ ತಂತಿಯ ಉದ್ದ ಹೆಚ್ಚುಕಡಿಮೆ ಇದೇ. ವಿದ್ಯುತ್ ಕಂಬಗಳ ಸಮೀಪದಲ್ಲಿ ಮಾತ್ರ ಯಾರೂ ಇಂತಹ ತಂತಿಯನ್ನು ಎತ್ತಕೂಡದು.

ಬೀಮ್ ಸೇವೆಯು ಅಗ್ಗವೂ ವೇಗವೂ ಆದುದರಿಂದ ಸಮುದ್ರದಡಿಯ ಕೇಬಲ್ ಕಂಪನಿಗಳು ತತ್ತರಿಸಿದವು. ಅವುಗಳನ್ನು ಉಳಿಸಲು 1929ರಲ್ಲಿ ಕೇಬಲ್ಲನ್ನೂ ನಿಸ್ತಂತುವನ್ನೂ ಒಂದೇ ಸಂಸ್ಥೆಯೊಳಗೆ ಸೇರಿಸಬೇಕಾಯಿತು. ಭಾರತದಲ್ಲಿಯೂ 1932ರಲ್ಲಿ ಹಾಗೆಯೇ ಆಯಿತು.

ಮಾರ್ಕೋನಿಯ ಕೊನೆಯ ವರ್ಷಗಳ ಬಗೆಗೆ ಅಭಿಮಾನದಿಂದ ಬರೆಯುವುದು ಕಷ್ಟ. ಆತನು 1923ರಲ್ಲಿ ಮುಸೋಲಿನಿಯ ಫ್ಯಾಸಿಸ್ಟ್ ಪಕ್ಷವನ್ನು ಸೇರಿದನು. 1930ರಲ್ಲಿ ಇಟಲಿಯ ರಾಯಲ್ ಅಕಾಡೆಮಿಯ ಅಧ್ಯಕ್ಷನಾದನು. 1935ರಲ್ಲಿ ಇಟಲಿಯು ಇಥಿಯೋಪಿಯದ ಮೇಲೆ ದಂಡೆತ್ತಿ ಹೋದಾಗ ಆ ಅನ್ಯಾಯವನ್ನು ಸಮರ್ಥಿಸಿದನು. ತನ್ನ ಗೋಪುರಗಳ ತಪ್ಪನ್ನು ತಾನೇ ಕಂಡುಕೊಂಡ ಬುದ್ಧಿಯು ಇಲ್ಲಿ ಕಣ್ಣು ಮುಚ್ಚಿಕೊಂಡಿತು. ಹೃದಯದ ಬೇನೆಯು ಬಲಿತು 1937ರ ಜುಲೈ 20ರಂದು ರೋಮ್ ನಗರದಲ್ಲಿ ಆತನು ಕಾಲವಾದನು. ಬ್ರಿಟನ್ನಿನ ಅಂಚೆ ಇಲಾಖೆಯ ನಿಸ್ತಂತು ನಿಲಯಗಳೆಲ್ಲ ಎರಡು ನಿಮಿಷ ಮೌನವಾಗಿದ್ದವು. ಎಲೆತ್ರಾ ನೌಕೆಯು ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ವಶವಾಗಿ 1944ರಲ್ಲಿ ನಾಶವಾಯಿತು. ನಮ್ಮ ದೇಶದ ಸಾಗರೋತ್ತರ ನಿಸ್ತಂತು ಮತ್ತು ಕೇಬಲ್ ಸೇವೆಯನ್ನು 1947ರ ಜನವರಿ 1ರಂದು ಭಾರತ ಸರ್ಕಾರವು ತನ್ನ ಕೈಗೆ ತೆಗೆದುಕೊಂಡಿತು.